ಎಳನೀರಿಗೇ ಚೌಕಾಸಿ ಯಾಕೆ?

ಆಫೀಸಿನ ಫ್ರಿಜ್ಜಿಗೆ ಡಬ್ಬಿ ಎಳನೀರು ಬಂದಿದೆ. ಪೊಟ್ಯಾಸಿಯಂ ಜಾಸ್ತಿ, ಕೊಬ್ಬು ಇಲ್ಲವೇ ಇಲ್ಲ ಅನ್ನೋ ಹಾಗೆ ಅಂತ ಮೇಲೆ ಬರೆದಿದೆ. ನಿಜಾನೇ. ಸೋಡಿಯಂ ಮಾತ್ರ ಕಡಿಮೆ. ವಾಂತಿಭೇದಿ ಆದಾಗ ಓಆರ್‌ಎಸ್ ಬದಲಿಗೆ ಇದನ್ನೇ ನಂಬಿ ಕೂರಬೇಡಿ. ಕೇಳಿದಷ್ಟು ದುಡ್ಡು ಕೊಟ್ಟು ಕುಡೀತೀವಿ. ಬೀದಿಯ ಎಳನೀರಿನವನ ಹತ್ತಿರ ಮಾತ್ರ ಐದು ರೂಪಾಯಿಗೆ ಜಗಳ!

ನಮ್ಮ ತಿಪಟೂರು ಸೀಮೆ ಕೊಬ್ಬರಿಯದು. ಏಳೆಂಟು ತಿಂಗಳಿಗೆ ಕೆಡವಿದರೆ ಎಳನೀರು. ಬಿಟ್ಟರೆ ಬಲಿತು, ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿ ಉಂಡೆ ಕೊಬ್ಬರಿ. ತೋಟಕ್ಕೆ ಬಂದವರಿಗೆ ಅಪ್ಪ ಒಂದು ಎಳನೀರು ಕೆತ್ತಿಕೊಟ್ಟರೆ ಅಟ್ಟದಲ್ಲಿ ಒಂದು ಕೊಬ್ಬರಿ ಕಮ್ಮಿ. ಆದ್ರೂ ಬುರುಡೆ ಸೀಳಿ, ಅದರದೇ ಚಕ್ಕೆಯಲ್ಲಿ ಗಂಜಿ ತಿನ್ನಿಸಿ, ‘ಇನ್ನೊಂದು ಕುಡೀರಿ’ ಅಂತಾರೆ.

ಗಾಡಿ ಮುಂದೆ ಚೌಕಾಸಿಗೆ ಬಾಯಿ ತೆರೆಯೋ ಮುಂಚೆ ಆ ಅಟ್ಟ ನೆನಪಿಸಿಕೊಳ್ಳಿ.