ಬೀಜ, ನೆಲ ಮತ್ತು ಬೇಸಾಯ



ಕಳೆದ ಕೊಯ್ಲಿನ ದಿನಗಳಲ್ಲಿ ಮೂಡಿಗೆರೆ ಸೀಮೆಯ ಕಾಫಿ ಬೆಳೆಗಾರರೊಬ್ಬರು ನಮ್ಮಲ್ಲಿಗೆ ಬಂದಿದ್ದರು. ಮಗಳಿಗೆ ಕಳಸದ ಕಡೆಯಿಂದ ಒಳ್ಳೆಯ ಸಂಬಂಧ ಒದಗಿತ್ತು. ವರನ ತಂದೆಗೆ ಸ್ಕಿಜೋಫ್ರೇನಿಯಾ ಎಂಬ ಮನೋರೋಗವಿದ್ದು, ಚಿಕಿತ್ಸೆ ನಡೆದಿದೆಯೆಂದು ಆ ಮನೆಯವರೇ ಮುಂದಾಗಿ ತಿಳಿಸಿದ್ದರು. “ಅಯ್ಯನವರೇ, ಇದು ರಕ್ತದಲ್ಲಿಯೇ ಬರುವಂಥದ್ದಲ್ಲವೇ? ಮಾತು ಮುರಿದುಬಿಡಲೇ?” ಎಂಬುದು ಅವರ ಪ್ರಶ್ನೆ.

ಈ ಪ್ರಶ್ನೆ ಅನೇಕ ಮನೆಗಳದ್ದಾದುದರಿಂದ ಇಲ್ಲಿ ವಿಚಾರಿಸುವುದು ಉಚಿತವೆಂದು ಭಾವಿಸಿದ್ದೇವೆ.

ಅನುವಂಶೀಯತೆ ಸುಳ್ಳಲ್ಲ. ಸಾಮಾನ್ಯವಾಗಿ 100 ಮಂದಿಯಲ್ಲಿ ಸುಮಾರು ಒಬ್ಬರಿಗೆ ಬರುವ ಈ ರೋಗವು, ತಂದೆ ಅಥವಾ ತಾಯಿಗೆ ಇದ್ದಲ್ಲಿ, 100 ಮಕ್ಕಳಲ್ಲಿ ಸುಮಾರು 10 ಮಂದಿಗೆ ಬರಬಹುದು. ಉಳಿದ 90 ಮಂದಿಗೆ ಬರುವುದಿಲ್ಲವೆಂಬುದನ್ನು ಮಾತ್ರ ನಾವು ಮರೆಯುತ್ತೇವೆ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ಕೂಡ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಬರುವುದು ಅರ್ಧದಷ್ಟು ಅಥವಾ ಅದಕ್ಕೂ ಕಡಿಮೆ ಪ್ರಸಂಗಗಳಲ್ಲಿ. ಒಂದೇ ಬೀಜದ ಕಾಫಿ ಸಸಿಗಳು ನೆಲ, ನೆರಳು, ಆರೈಕೆಗಳಿಗೆ ತಕ್ಕಂತೆ ಬೇರೆಬೇರೆಯಾಗಿ ಬೆಳೆಯುವುದನ್ನು ಬೆಳೆಗಾರರಿಗೆ ನಾವು ಹೇಳಬೇಕೇ?

ಇನ್ನು ಆಹಾರ. ಬಿ-12 ಜೀವಸತ್ವದ ಕೊರತೆಯಿಂದ ಮರೆವು, ಮಂಕು, ಕೈಕಾಲು ಜೋಮು ಉಂಟಾಗಬಹುದು. ಸಸ್ಯಾಹಾರಿಗಳಾದ ನಮಗೆ ಹಾಲು, ಮೊಸರು, ಮಜ್ಜಿಗೆಗಳೇ ಇದರ ಮುಖ್ಯ ಆಧಾರ. ವಯಸ್ಸಾದಂತೆ ಇದನ್ನು ಹೀರಿಕೊಳ್ಳುವ ಶಕ್ತಿಯೂ ಕುಂದುತ್ತದೆ. ನಮ್ಮ ಜಿಲ್ಲೆ ಗಳಗಂಡ ಕಾಣಿಸಿಕೊಂಡ ಸೀಮೆ. ಅಯೋಡಿನ್ ಕೊರತೆಯಿಂದ ಥೈರಾಯ್ಡ್ ಗ್ರಂಥಿ ಕುಂದಿದರೆ ಆಲಸ್ಯ, ಬೇಸರಗಳು ಖಿನ್ನತೆಯಂತೆಯೇ ತೋರುತ್ತವೆ. ಆದುದರಿಂದ ಅಯೋಡಿನ್‌ಯುಕ್ತ ಉಪ್ಪನ್ನೇ ಬಳಸಬೇಕು. ಸಂದೇಹವಿದ್ದಲ್ಲಿ ರಕ್ತಪರೀಕ್ಷೆ ಮಾಡಿಸಬೇಕು. ನಾವೇ ಬೆಳೆಯುವ ಕಾಫಿಯೂ ಊಟದೊಡನೆ ಕುಡಿದರೆ ಕಬ್ಬಿಣಾಂಶ ದಕ್ಕದಂತೆ ಮಾಡುತ್ತದೆ. ಸಂಜೆಯ ನಂತರ ಕುಡಿದರೆ ನಿದ್ರೆಯನ್ನು ಕೆಡಿಸುತ್ತದೆ.

ಮೂರನೆಯದು ಯೋಚನೆಯ ರೂಢಿ. 2019ರ ಆಗಸ್ಟ್ ಮಳೆಯಲ್ಲಿ ಮೂಡಿಗೆರೆ, ಕಳಸ ಭಾಗದಲ್ಲಿ ಗುಡ್ಡ ಕುಸಿದು ಎಷ್ಟೋ ಕುಟುಂಬಗಳು ತೋಟ, ಮನೆಗಳನ್ನು ಕಳೆದುಕೊಂಡವು. ಅಂಥ ನಷ್ಟದಲ್ಲಿ ದುಃಖ ಸಹಜ. ಆದರೆ “ಎಲ್ಲವೂ ಮುಗಿಯಿತು, ತಪ್ಪೆಲ್ಲ ನನ್ನದೇ” ಎಂಬ ಮಾತನ್ನು ಮನಸ್ಸು ಪ್ರತಿನಿತ್ಯ ಜಪಿಸತೊಡಗಿದರೆ ಅದು ಗಿಡದ ಸಾರ ಹೀರುವ ಬೇಡದ ಚಿಗುರಿನಂತೆ. ಅದನ್ನು ಗುರುತಿಸಿ, ಸತ್ಯಾಸತ್ಯತೆಯನ್ನು ಪರೀಕ್ಷಿಸಿ ತಿದ್ದುವ ಚಿಕಿತ್ಸಾಕ್ರಮವನ್ನು 1960ರ ದಶಕದಲ್ಲಿ ಅಮೆರಿಕೆಯ ಆರನ್ ಬೆಕ್ ರೂಪಿಸಿದರು. ಆಪ್ತರೊಡನೆ ಮಾತು, ದಿನದ ಕಾಯಕ, ನಿಯಮಿತ ಪೂಜೆ ಮನಸ್ಸಿಗೆ ಆಸರೆಯಾಗುತ್ತವೆ. ಆದರೆ ಪೂಜೆಯಾಗಲಿ ಪಥ್ಯವಾಗಲಿ ತೀವ್ರ ರೋಗದಲ್ಲಿ ಔಷಧಿಗೆ ಬದಲಿಯಲ್ಲ. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬಾರದು.

ಇಷ್ಟನ್ನು ಹೇಳಿ, “ಗೌಡರೇ, ಮುಚ್ಚಿಡದೆ ತಿಳಿಸಿದ ಮನೆ ಅದು. ಮಗಳಿಗೂ ಎಲ್ಲವನ್ನೂ ಹೇಳಿ, ವೈದ್ಯರನ್ನು ಕೇಳಿ, ಅವಳೇ ನಿರ್ಧರಿಸಲಿ” ಎಂದೆವು. ಅವರು ಬಹಳ ಹೊತ್ತು ಮೌನವಾಗಿದ್ದರು. ಆಮೇಲೆ, “ನಮ್ಮ ಅವ್ವನೂ ಕಡೆಯ ಹತ್ತು ವರ್ಷ ಒಳಕೋಣೆಯಲ್ಲಿಯೇ ಕಳೆದರು. ಯಾರಿಗೂ ಹೇಳಲಿಲ್ಲ, ಆಸ್ಪತ್ರೆಗೂ ಒಯ್ಯಲಿಲ್ಲ” ಎಂದು ಕಣ್ಣೊರೆಸಿಕೊಂಡರು.

ಬಂಧುಗಳೇ, ಆ ತಾಯಿಯನ್ನು ಹತ್ತು ವರ್ಷ ಕತ್ತಲೆಯಲ್ಲಿರಿಸಿದುದು ವಂಶವಲ್ಲ, ನಮ್ಮ ನಾಚಿಕೆ. ದೇಹದ ರೋಗಕ್ಕೆ ಸಮನಾಗಿ ಮನೋರೋಗಕ್ಕೂ ಚಿಕಿತ್ಸೆ ದೊರೆಯಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ವಿಧಿಸಿದೆ. ಬೆಂಗಳೂರಿನ ನಿಮ್ಹಾನ್ಸ್ ದೂರವೆನಿಸಿದರೆ ಜಿಲ್ಲಾ ಆಸ್ಪತ್ರೆಯಿದೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ನಿಮ್ಮ ಮನೆಯಲ್ಲಿಯೂ ಅಂಥದೊಂದು ಒಳಕೋಣೆಯಿದ್ದರೆ ಇಂದೇ ಅದರ ಬಾಗಿಲು ತೆರೆಯಿರಿ.