ಬಹುಮಾನವೂ ಮೂರು ಲಕ್ಷ, ಪರಿಹಾರವೂ ಮೂರು ಲಕ್ಷ

ಮಳವಳ್ಳಿ ತಾಲ್ಲೂಕಿನ ನಮ್ಮ ಪೂರಿಗಾಲಿ ಕಡೆಯಿಂದ ಕಾವೇರಿ ದಾಟಿದರೆ ಕೊಳ್ಳೇಗಾಲ ಸೀಮೆ, ಅದರಾಚೆ ಮಾದಪ್ಪನ ಬೆಟ್ಟ. ಪರಸೆಗೆ ಹೋಗುವ ನಮಗೆ ಅದು ‘ಉಘೇ’ ಎನ್ನುವ ಜಾಗ. ಸುತ್ತಲಿನ ಕಾಡಂಚಿನ ಸೋಲಿಗರಿಗೆ, ತಮಿಳು ಕೂಲಿಗಳಿಗೆ ತೊಂಬತ್ತರ ದಶಕದಲ್ಲಿ ಅದೇ ಬೆಟ್ಟದ ಮೇಲೆ ‘ವರ್ಕ್‌ಶಾಪ್’ ಇತ್ತು. ಕಾಡುಗಳ್ಳ ವೀರಪ್ಪನ್‌ಗೆ ಅಕ್ಕಿ ಕೊಟ್ಟೆ, ಸುದ್ದಿ ಮುಟ್ಟಿಸಿದೆ ಎಂದು ವಿಶೇಷ ಕಾರ್ಯಪಡೆಯವರು (ಎಸ್‌ಟಿಎಫ್) ಹಿಡಿದು ತಂದವರನ್ನು ಅಲ್ಲಿ ಕಟ್ಟಿ ನೇತುಹಾಕಿ, ಕಿವಿಗೆ, ಮರ್ಮಾಂಗಕ್ಕೆ ಕರೆಂಟ್ ಕೊಟ್ಟರೆಂದು ಬದುಕುಳಿದವರೇ ಹೇಳಿದ್ದಾರೆ.

2004ರ ಅಕ್ಟೋಬರ್ 18ರಂದು ವೀರಪ್ಪನ್ ಸತ್ತ. ಹತ್ತೇ ದಿನಗಳ ಆಸುಪಾಸಿನಲ್ಲಿ ತಮಿಳುನಾಡು ಸರ್ಕಾರ ತನ್ನ ಕಾರ್ಯಪಡೆಯ ಪ್ರತಿಯೊಬ್ಬರಿಗೂ 3 ಲಕ್ಷ ರೂಪಾಯಿ, ನಿವೇಶನ, ಒಂದು ಬಡ್ತಿ ಘೋಷಿಸಿತು. ಹೊಡೆತ ತಿಂದವರ ಕಥೆ ಬೇರೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಈ ದೌರ್ಜನ್ಯದ ವಿಚಾರಣೆಗೆ 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ ನೇಮಿಸಿತು. ವರದಿ ಬಂದದ್ದು 2003ರಲ್ಲಿ. 89 ಮಂದಿಗೆ 2.80 ಕೋಟಿ ಪರಿಹಾರ ಕೊಡಿ ಎಂದು ಆಯೋಗ ಹೇಳಿದ್ದು 2007ರಲ್ಲಿ. ಭಾಗಿಸಿ ನೋಡಿ, ತಲೆಗೆ ಮೂರು ಲಕ್ಷ ಚಿಲ್ಲರೆ. ನಿವೇಶನ ಇಲ್ಲ, ಬಿಡಿ.

ಪೊಲೀಸರೂ ಅರಣ್ಯಾಧಿಕಾರಿಗಳೂ ಸಾಯಲಿಲ್ಲವೇ ಎಂದು ಕೇಳುವವರಿದ್ದಾರೆ. ಸತ್ತರು. ಅರಣ್ಯ ಇಲಾಖೆಯ ಡಿಸಿಎಫ್ ಪಿ. ಶ್ರೀನಿವಾಸ್ ಅವರ ತಲೆ ಕಡಿದ, ಎಸ್‌ಪಿ ಹರಿಕೃಷ್ಣ, ಎಸ್‌ಐ ಶಕೀಲ್ ಅಹಮದ್ ಅವರನ್ನು ಮೀಣ್ಯಂ ಬಳಿ ಹೊಂಚುಹಾಕಿ ಕೊಂದ ಪಾಪಿ ವೀರಪ್ಪನ್. 2000ದಲ್ಲಿ ಅವನು ಅಪಹರಿಸಿದ್ದ ನಟ ರಾಜ್‌ಕುಮಾರ್ ಬಿಡುಗಡೆಗಾಗಿ ಕರ್ನಾಟಕ ಸರ್ಕಾರ ಅವನ ಸಹಚರರೆನ್ನಲಾದವರ ಮೇಲಿನ ಟಾಡಾ (ಭಯೋತ್ಪಾದನೆ ತಡೆ ಕಾಯ್ದೆ) ಕೇಸು ಕೈಬಿಡಲು ಹೊರಟಾಗ ಶಕೀಲ್ ಅವರ ತಂದೆ ಅಬ್ದುಲ್ ಕರೀಂ ಸುಪ್ರೀಂ ಕೋರ್ಟ್‌ಗೆ ಹೋಗಿ ತಡೆದರು. ಆ ತಂದೆಯ ಹಟ ನ್ಯಾಯವಾದದ್ದೇ. ಆದರೆ ಮರುವರ್ಷ ಮೈಸೂರಿನ ಟಾಡಾ ನ್ಯಾಯಾಲಯ ಅದೇ ಕೇಸಿನಲ್ಲಿ ನೂರಕ್ಕೂ ಹೆಚ್ಚು ಮಂದಿ ನಿರಪರಾಧಿಗಳೆಂದು ಬಿಟ್ಟುಬಿಟ್ಟಿತು. ವರ್ಷಗಟ್ಟಲೆ ಜೈಲಲ್ಲಿ ಕೊಳೆತ ಅವರ ಪರವಾಗಿ ಹಟ ಹಿಡಿಯುವವರು ಯಾರು?

ತಮಿಳುನಾಡಿನ ಧರ್ಮಪುರಿಯ ವಾಚಾತಿ ಎಂಬ ಊರು ತನಗಾದ ಅನ್ಯಾಯಕ್ಕೆ ಹಾಗೆ ಹಟ ಹಿಡಿಯಿತು. 1992ರಲ್ಲಿ ಗಂಧದ ಮರ ಹುಡುಕುವ ನೆಪದಲ್ಲಿ ನುಗ್ಗಿ ಅಲ್ಲಿನ 18 ಹೆಂಗಸರ ಮೇಲೆ ಅತ್ಯಾಚಾರ ಮಾಡಿದ ಪ್ರಕರಣದಲ್ಲಿ 2011ರಲ್ಲಿ ಆರೋಪಿಗಳಾಗಿದ್ದ 269 ಸರ್ಕಾರಿ ನೌಕರರಲ್ಲಿ ಬದುಕಿದ್ದ 215 ಮಂದಿಯೂ ತಪ್ಪಿತಸ್ಥರೆಂದು ತೀರ್ಪಾಯಿತು. 2023ರಲ್ಲಿ ಮದ್ರಾಸ್ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಮಾದಪ್ಪನ ಬೆಟ್ಟದ ಚಿತ್ರಹಿಂಸೆಗೆ ಶಿಕ್ಷೆಯಾದ ಒಬ್ಬ ಅಧಿಕಾರಿಯ ಹೆಸರನ್ನೂ ನಾನು ಕೇಳಿಲ್ಲ.

ಶಿಕ್ಷೆಯಾಗದ ಕಡೆ ದರ್ಪ ಹೋಗುವುದಾದರೂ ಹೇಗೆ? 2023ರ ಫೆಬ್ರವರಿಯಲ್ಲಿ ನಮ್ಮ ಅರಣ್ಯ ಸಿಬ್ಬಂದಿ ಗುಂಡು ಹಾರಿಸಿದ ಮೇಲೆ ತಮಿಳುನಾಡಿನ ಗೋವಿಂದಪಾಡಿಯ ಮೀನುಗಾರನೊಬ್ಬನ ಹೆಣ ಪಾಲಾರ್ ಹೊಳೆಯಲ್ಲಿ ತೇಲಿತು. ಬೇಟೆಗೆ ಬಂದಿದ್ದವನು ಎಂದಿತು ಇಲಾಖೆ. 2025ರ ಜೂನ್‌ನಲ್ಲಿ ಮಾದಪ್ಪನ ಬೆಟ್ಟದ ಕಾಡಿನ ಹೂಗ್ಯಂ ವಲಯದಲ್ಲಿ ವಿಷಕ್ಕೆ ತಾಯಿ ಹುಲಿಯೂ ನಾಲ್ಕು ಮರಿಗಳೂ ಸತ್ತವು. ವಿಷ ಹಾಕಿದವರನ್ನು ಹಿಡಿದದ್ದು ಸರಿ; ಬೆನ್ನಲ್ಲೇ ಕಾಡಿಗೆ ದನ ಬಿಡಕೂಡದೆಂಬ ಆಜ್ಞೆ ಹೊರಟಿತು. ಅರಣ್ಯ ಹಕ್ಕು ಕಾಯ್ದೆ 2006ರಲ್ಲೇ ಮೇವಿನ ಹಕ್ಕನ್ನು ಒಪ್ಪಿದೆ, ಗ್ರಾಮಸಭೆಗೆ ಮಾತು ಕೊಟ್ಟಿದೆ. ಹಟ್ಟಿಯ ಜನ ಅದನ್ನು ಹಿಡಿದು ಖಾಕಿಯ ಎದುರು ನಿಲ್ಲಬೇಕಾದರೆ ಹಿಂದಿನ ಏಟಿನ ಲೆಕ್ಕ ಮೊದಲು ಚುಕ್ತಾ ಆಗಬೇಕು.

ಕರ್ನಾಟಕ ಸರ್ಕಾರ ಸದಾಶಿವ ವರದಿಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ವಿಧಾನಸಭೆಯಲ್ಲಿಡಲಿ. ಯಾರಿಗೆ ಎಷ್ಟು ಸಂದಿದೆ, ಯಾರಿಗೆ ಸಂದಿಲ್ಲ ಎಂದು ಊರುವಾರು ಹೇಳಲಿ. ಹನೂರು, ಕೊಳ್ಳೇಗಾಲದ ಶಾಸಕರು ಇದನ್ನು ಕೇಳಬೇಕು. ನಮ್ಮ ಮಳವಳ್ಳಿಯವರು ಕೇಳಿದರೂ ಅಡ್ಡಿಯಿಲ್ಲ.