ಗುಹೆಯಿಂದ ಹಡಗಿನವರೆಗೆ

ಕೆಂಟಕಿಯ ಮ್ಯಾಮತ್ ಗುಹೆಗಳಲ್ಲಿ ಅಲೆದಿದ್ದ ಪ್ರೋಗ್ರಾಮರ್ ವಿಲ್ ಕ್ರೌಥರ್ 1976ರ ಸುಮಾರಿಗೆ ತಮ್ಮ ಹೆಣ್ಣುಮಕ್ಕಳಿಗಾಗಿ ಕಂಪ್ಯೂಟರಿನಲ್ಲಿ ಒಂದು ಗುಹೆ ಕಟ್ಟಿದರು. ಚಿತ್ರವಿಲ್ಲ, ಸದ್ದಿಲ್ಲ, ಬರಿಯ ಅಕ್ಷರ. ಮರುವರ್ಷ ಡಾನ್ ವುಡ್ಸ್ ಅದನ್ನು ಹಿಗ್ಗಿಸಿದರು. ಒಗಟು ಬಿಡಿಸುತ್ತ ಕಥೆಯೊಳಗೆ ಸಾಗುವ ಅಡ್ವೆಂಚರ್ ಆಟಗಳ ಪರಂಪರೆ ಶುರುವಾದದ್ದು ಹೀಗೆ. ಅಂದಿನಿಂದ ಒಂದೇ ತಕರಾರು ಮತ್ತೆ ಮತ್ತೆ ಏಳುತ್ತಿದೆ: ಇವುಗಳಲ್ಲಿ ಕಥೆ ದೊಡ್ಡದೋ, ಆಟ ದೊಡ್ಡದೋ? ಎರಡನ್ನೂ ತಕ್ಕಡಿಗೆ ಹಾಕುವುದೇ ತಪ್ಪು ಎಂದು ನಾವು ನಂಬುತ್ತೇವೆ. ಒಗಟು ಕಥೆಯ ಒಳಗಿನಿಂದ ಹುಟ್ಟಿದೆಯೇ ಎಂಬುದಷ್ಟೇ ಕೇಳಬೇಕಾದ ಮಾತು.

ಹುಟ್ಟದಿದ್ದರೆ ಏನಾಗುತ್ತದೆ ಎಂಬುದಕ್ಕೆ 1999ರ ಗೇಬ್ರಿಯಲ್ ನೈಟ್ 3 ಸಾಕ್ಷಿ. ಗಂಭೀರವಾದ ಕಥೆ. ಆದರೆ ಒಂದು ಮೋಟರ್‌ಬೈಕ್ ಪಡೆಯಲು ನಾಯಕ ಬೆಕ್ಕಿನ ಕೂದಲನ್ನು ಟೇಪಿಗೆ ಅಂಟಿಸಿಕೊಂಡು ಹುಸಿಮೀಸೆ ಮಾಡಬೇಕು. ಅವನು ಯಾರ ವೇಷ ಹಾಕುತ್ತಿದ್ದಾನೋ ಆ ಗೆಳೆಯನಿಗೆ ಮೀಸೆಯೇ ಇಲ್ಲ! ಆ ಕ್ಷಣಕ್ಕೆ ಕಥೆಯ ಮೇಲಿನ ನಂಬಿಕೆ ಕಳಚಿಬೀಳುತ್ತದೆ.

ಇದಕ್ಕೆ ಒಂಬತ್ತು ವರ್ಷ ಮೊದಲೇ, 1990ರಲ್ಲಿ, ರಾನ್ ಗಿಲ್ಬರ್ಟ್ ಮತ್ತು ಸಂಗಡಿಗರು ದಿ ಸೀಕ್ರೆಟ್ ಆಫ್ ಮಂಕಿ ಐಲೆಂಡ್‌ನಲ್ಲಿ ದಾರಿ ತೋರಿಸಿದ್ದರು. ಅಲ್ಲಿ ಕತ್ತಿವರಸೆ ಗೆಲ್ಲುವುದು ಬೈಗುಳಕ್ಕೆ ತಕ್ಕ ಎದುರುತ್ತರದಿಂದ. ದಾರಿಯಲ್ಲಿ ಸಿಕ್ಕ ಕಡಲ್ಗಳ್ಳರಿಂದ ಕಲಿತ ಜವಾಬುಗಳನ್ನೇ ಕೊನೆಗೆ ಕತ್ತಿವಿದ್ಯೆಯ ಒಡತಿಯ ಹೊಸ ಬೈಗುಳಗಳಿಗೆ ಹೊಂದಿಸಬೇಕು. ಕಡಲ್ಗಳ್ಳನ ಕಸುಬು ಕಲಿಯುವ ಹುಡುಗನ ಕಥೆಯನ್ನು ಆಟಗಾರನೂ ಕಲಿಯುತ್ತಲೇ ನಡೆಸುತ್ತಾನೆ.

1993ರ ಮಿಸ್ಟ್ ಮಾತನ್ನು ಮಿತಗೊಳಿಸಿ ದ್ವೀಪವನ್ನೇ ಕಥೆಯಾಗಿಸಿತು. 2012ರಲ್ಲಿ ಟೆಲ್‌ಟೇಲ್ ಕಂಪನಿಯ ದಿ ವಾಕಿಂಗ್ ಡೆಡ್ ಒಗಟನ್ನು ಕಡಿಮೆ ಮಾಡಿ ತೀರ್ಮಾನದ ಭಾರ ಹೊರಿಸಿತು. ಯಾವ ಉತ್ತರ ಕೊಟ್ಟರೂ ಕಥೆ ಹೆಚ್ಚುಕಡಿಮೆ ಒಂದೇ ದಾರಿಗೆ ಬರುತ್ತದೆಂಬ ದೂರು ನಿಜವೇ. ಆದರೂ ಆಟದ ಪುಟ್ಟ ಹುಡುಗಿ ಕ್ಲೆಮೆಂಟೈನ್ ಎದುರಿಗೇ ನಿಂತು ಕೇಳಿಸಿಕೊಳ್ಳುತ್ತಿರುವಾಗ ಆಡುವ ಮಾತು ಹಗುರವಾಗಿರುವುದಿಲ್ಲ. ಕಂಪನಿ ಅದೇ ಅಚ್ಚಿನಲ್ಲಿ ಆಟದ ಮೇಲೆ ಆಟ ಎರಕ ಹೊಯ್ದಾಗ ಆ ಬಿಗಿ ಸಡಿಲವಾಯಿತು. 2018ರಲ್ಲಿ ಕಂಪನಿ ಬಾಗಿಲು ಹಾಕಿತು.

ಅದೇ ವರ್ಷ ಲುಕಾಸ್ ಪೋಪ್ ಬಹುಮಟ್ಟಿಗೆ ಒಬ್ಬರೇ ಕಟ್ಟಿದ ರಿಟರ್ನ್ ಆಫ್ ದಿ ಓಬ್ರಾ ಡಿನ್ ಬಂತು. ಇಸವಿ 1807, ಜೀವಂತರಿಲ್ಲದ ಹಡಗೊಂದು ಬಂದರಿಗೆ ಮರಳಿದೆ. ಹಡಗಿನಲ್ಲಿದ್ದ 60 ಮಂದಿಯ ಗತಿ ಏನಾಯಿತೆಂದು ವಿಮೆಯ ಅಧಿಕಾರಿಯೊಬ್ಬರು ಪುಸ್ತಕವೊಂದರಲ್ಲಿ ಬರೆಯಬೇಕು. ಕೈಯಲ್ಲಿರುವ ಗಡಿಯಾರ ಪ್ರತಿ ಸಾವಿನ ಕ್ಷಣವನ್ನು ಕಲ್ಲಾಗಿಸಿ ತೋರಿಸುತ್ತದೆ. ಹೆಸರು ಮಾತ್ರ ಹೇಳುವುದಿಲ್ಲ. ತೂಗುಮಂಚದ ನಂಬರು, ಮಾತಿನ ಧಾಟಿ, ಉಡುಪು, ಯಾರ ಪಕ್ಕದಲ್ಲಿ ಯಾರು ನಿಂತಿದ್ದಾರೆ ಎಂಬುದು, ಇಷ್ಟರಿಂದಲೇ ಊಹಿಸಬೇಕು. ಮೂವರ ವಿವರ ಸರಿಹೋದಾಗಲಷ್ಟೇ ಪುಸ್ತಕ ಅದನ್ನು ಖಚಿತಪಡಿಸುತ್ತದೆ, ಆದ್ದರಿಂದ ಬರಿಯ ಅಂದಾಜು ಹೆಚ್ಚು ದೂರ ಸಾಗುವುದಿಲ್ಲ. ಇಲ್ಲಿ ಒಗಟು ಬಿಡಿಸುವುದೆಂದರೆ ಸತ್ತವರ ಗುರುತು ಹಿಡಿಯುವುದು. ಅದೇ ಕಥೆ, ಅದೇ ಆಟ. ಈ ಐದು ದಶಕಗಳಲ್ಲಿ ಈ ಪ್ರಕಾರ ಮುಟ್ಟಿದ ಎತ್ತರ ಇದೇ ಎಂದು ನಾವು ಹಿಂಜರಿಯದೆ ಹೇಳುತ್ತೇವೆ.

ಓಬ್ರಾ ಡಿನ್ ಆಡದವರು ಆಡಿ. ಸಿಕ್ಕಿಹಾಕಿಕೊಂಡಾಗ ಉತ್ತರವನ್ನು ಇಂಟರ್ನೆಟ್ಟಿನಲ್ಲಿ ಹುಡುಕಬೇಡಿ.